ಮೊದಲ ರೋಡ್ ಸೈಕಲ್: ಹೈಬ್ರಿಡ್ಡೋ, ಎಂಡ್ಯೂರೆನ್ಸೋ, ಗ್ರಾವೆಲ್ಲೋ?

ರೋಡ್ ಸೈಕ್ಲಿಂಗ್ ಶುರು ಮಾಡಬೇಕು ಅಂದುಕೊಂಡವರು ಸಲಹೆ ಕೇಳಲು ಬರುವಾಗ ಮೊಬೈಲಿನಲ್ಲಿ ಮೂರ್ನಾಲ್ಕು ಫೋಟೊ ಇಟ್ಟುಕೊಂಡೇ ಬರುತ್ತಾರೆ. ನೇರ ಹ್ಯಾಂಡಲ್‌ನ ಹೈಬ್ರಿಡ್ ಒಂದು, ಬಾಗಿದ ಹ್ಯಾಂಡಲ್‌ನ ಅಲ್ಯೂಮಿನಿಯಂ ಎಂಡ್ಯೂರೆನ್ಸ್ (ದೂರದ ಸವಾರಿಗೆ ಆರಾಮವಾದ) ರೋಡ್ ಸೈಕಲ್ ಒಂದು, ದಪ್ಪ ಟೈರಿನ ಗ್ರಾವೆಲ್ ಒಂದು, ಅದರ ಜೊತೆಗೆ ಯಾರೋ ಮಾರಲು ಇಟ್ಟಿರುವ ಹಳೇ ಕಾರ್ಬನ್ ರೇಸ್ ಸೈಕಲ್. ಬೆಲೆ ಹೆಚ್ಚುಕಡಿಮೆ ಒಂದೇ. "ಇವುಗಳಲ್ಲಿ ಯಾವುದು ಒಳ್ಳೇದು?" ನಾಲ್ಕೂ ಒಳ್ಳೆಯವೇ ಇರಬಹುದು, ಆದರೆ ನಾಲ್ಕೂ ನಿಮಗೆ ಆಗಿಬರುವುದಿಲ್ಲ. ಸೈಕಲ್ ನೋಡಲು ಹೊರಡುವ ಮೊದಲು ಏನನ್ನು ನೋಡಬೇಕು ಅನ್ನುವುದು ಗಟ್ಟಿಯಾಗಿದ್ದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ನನ್ನ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರಿಗೆ ಮುಖ್ಯವಾದವು ಮೂರು: ಮೈಗೆ ಹೊಂದುವ ಅಳತೆ, ಫ್ರೇಮಿನೊಳಗೆ ಎಷ್ಟು ದಪ್ಪದ ಟೈರ್ ಕೂರುತ್ತದೆ ಅನ್ನುವುದು, ಏರಿನಲ್ಲಿ ಕೈಹಿಡಿಯುವ ಹಗುರ ಗೇರ್. ಕಾರ್ಬನ್ನೋ ಅಲ್ಯೂಮಿನಿಯಮ್ಮೋ, ತೂಕ ಎಷ್ಟು, ಹಿಂದೆ ಹತ್ತು ಗೇರೋ ಹನ್ನೆರಡೋ, ಇವೆಲ್ಲ ಆಮೇಲಿನ ಮಾತು. ಅಂಗಡಿಯಲ್ಲಿ ಮಾತು ಶುರುವಾಗುವುದು ಮಾತ್ರ ಇನ್ನೊಂದು ತುದಿಯಿಂದ.

ಮೈಗೆ ಹೊಂದುವುದು

ಸೈಕಲ್ ಸೈಜು ಅಂದರೆ 52, 54, 56 ಅಥವಾ ಸ್ಮಾಲ್, ಮೀಡಿಯಂ ಎಂದು ಬರೆದಿರುತ್ತಾರೆ. ಒಂದು ಕಂಪನಿಯ 54 ಇನ್ನೊಂದರ 54ಕ್ಕೆ ಸಮ ಇರಲೇಬೇಕೆಂದಿಲ್ಲ. ಹೋಲಿಸಲು ನಿಜಕ್ಕೂ ಉಪಯೋಗಕ್ಕೆ ಬರುವ ಅಂಕಿಗಳು ಎರಡು. ಎರಡೂ ಪೆಡಲ್‌ಗಳ ತೋಳು ಕೂಡುವ ನಡುವಿನ ಅಚ್ಚಿನಿಂದ ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ತಲೆಯವರೆಗಿನ ಎತ್ತರ ಸ್ಟ್ಯಾಕ್. ಅದೇ ಎರಡು ಬಿಂದುಗಳ ನಡುವೆ ಮುಂದಕ್ಕೆ ಅಳೆದ ದೂರ ರೀಚ್. ಸ್ಟ್ಯಾಕ್ ಜಾಸ್ತಿಯಾದಷ್ಟೂ ಬೆನ್ನು ನೆಟ್ಟಗಿರುತ್ತದೆ, ರೀಚ್ ಜಾಸ್ತಿಯಾದಷ್ಟೂ ಮೈ ಚಾಚಿಕೊಳ್ಳುತ್ತದೆ. ಕಂಪನಿಗಳು ಈ ಎರಡನ್ನೂ ತಮ್ಮ ಅಳತೆ ಪಟ್ಟಿಯಲ್ಲಿ ಕೊಟ್ಟಿರುತ್ತವೆ. ನಿಮಗೆ ಇಷ್ಟವಾದ ಎರಡು ಸೈಕಲ್‌ಗಳ ಈ ಅಂಕಿಗಳನ್ನು ಅಕ್ಕಪಕ್ಕ ಬರೆದುಕೊಂಡರೆ, ಯಾವುದು ಬೆನ್ನು ಬಗ್ಗಿಸುತ್ತದೆ ಅನ್ನುವುದು ಹತ್ತಿ ನೋಡುವ ಮೊದಲೇ ಅಂದಾಜಾಗುತ್ತದೆ.

ಹತ್ತಿದಾಗ ಮಾಡಬೇಕಾದ ಪರೀಕ್ಷೆ ಸುಲಭ. ಮೊದಲು ಸೀಟಿನ ಎತ್ತರ ಸರಿಮಾಡಿಸಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತುಳಿದಾಗ ಮಂಡಿ ನೆಟ್ಟಗಾಗಬೇಕು, ಸೊಂಟ ಒಂದು ಬದಿಗೆ ವಾಲಬಾರದು. ಪಾದದ ಮುಂಭಾಗದಿಂದ ತುಳಿಯಲು ಶುರುಮಾಡಿದಾಗ ಮಂಡಿಯಲ್ಲಿ ತಕ್ಕಷ್ಟು ಬಾಗು ತಾನಾಗಿ ಉಳಿಯುತ್ತದೆ. ಲೆಕ್ಕ ಇಷ್ಟಪಡುವವರು ಕಾಲಿನ ಒಳ ಅಳತೆಯನ್ನು (ತೊಡೆಸಂದಿನಿಂದ ನೆಲದವರೆಗೆ) 0.883ರಿಂದ ಗುಣಿಸುತ್ತಾರೆ, 80 ಸೆಂ.ಮೀ. ಇದ್ದರೆ ಅದೇ ನಡುವಿನ ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ 70.6 ಸೆಂ.ಮೀ. ಎರಡೂ ಶುರುವಿಗೆ ಸಾಕು, ಮುಂದೆ ಅರ್ಧ ಸೆಂಟಿಮೀಟರ್ ಆಚೀಚೆ ಮಾಡುತ್ತಾ ಹೋಗಬಹುದು. ಆಮೇಲೆ ಬ್ರೇಕ್ ಲಿವರ್ ಕೂರುವ ರಬ್ಬರ್ ಹುಡ್‌ಗಳ ಮೇಲೆ ಕೈಯಿಟ್ಟು ಹಗುರವಾಗಿ ತುಳಿಯಿರಿ, ಒಂದೆರಡು ನಿಮಿಷದ ನಂತರ ಅಂಗೈಯನ್ನು ಹುಡ್‌ನಿಂದ ಕೂದಲೆಳೆಯಷ್ಟು ಎತ್ತಿ. ಮೈ ಇದ್ದಲ್ಲೇ ನಿಂತರೆ ಸರಿ. ಮುಂದಕ್ಕೆ ಮುಗ್ಗರಿಸುವಂತಾದರೆ ಭಾರವೆಲ್ಲ ಕೈ ಮೇಲೆ ಬೀಳುತ್ತಿದೆ ಎಂದರ್ಥ. ಇಪ್ಪತ್ತನೇ ಕಿಲೊಮೀಟರಿನಲ್ಲಿ ಕುತ್ತಿಗೆ ಹಿಡಿದುಕೊಳ್ಳುವುದು ಇಂಥ ಸೈಕಲ್‌ನಲ್ಲೇ.

ಟೈರು

ಹಿಂದೆ ರೋಡ್ ಸೈಕಲ್ ಎಂದರೆ 23 ಮಿ.ಮೀ. ಟೈರು, ಕಲ್ಲಿನ ಹಾಗೆ ಗಟ್ಟಿ ಗಾಳಿ. ಈಗ 28 ಸಾಮಾನ್ಯವಾಗಿದೆ, 30, 32 ಕೂಡ ರೇಸಿನಲ್ಲೇ ಕಾಣುತ್ತವೆ. ಕಾರಣ ಸರಳ. ತರಿತರಿ ರಸ್ತೆಯಲ್ಲಿ ಗಟ್ಟಿ ಟೈರು ಪ್ರತಿ ಉಬ್ಬಿಗೂ ಸೈಕಲ್ಲನ್ನೂ ಸವಾರನನ್ನೂ ಎತ್ತಿಹಾಕುತ್ತದೆ. ಆ ಎತ್ತಾಟಕ್ಕೆ ಹೋಗುವ ಶಕ್ತಿ ನೀವು ತುಳಿದದ್ದೇ. ಅಗಲದ ಟೈರಿಗೆ ಕಡಿಮೆ ಗಾಳಿ ಹಾಕಿದರೆ ಉಬ್ಬನ್ನು ಅದೇ ನುಂಗಿಕೊಳ್ಳುತ್ತದೆ. 70 ಕಿಲೊ ತೂಕದವರಿಗೆ 28 ಮಿ.ಮೀ. ಟೈರಿಗೆ 70ರಿಂದ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), 32ಕ್ಕೆ 55ರಿಂದ 65ರ ಆಸುಪಾಸು ಸಾಕು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿ ದಾಟಬಾರದ ಮಿತಿ ಅಷ್ಟೇ. ಅಲ್ಲಿಯವರೆಗೂ ಹೊಡೆಯಿರಿ ಎಂದು ಅದು ಹೇಳುತ್ತಿಲ್ಲ.

ಆದ್ದರಿಂದ ಯಾವ ಸೈಕಲ್ ನೋಡಿದರೂ ಅದರಲ್ಲಿ ಈಗ ಇರುವ ಟೈರಿನ ಅಗಲದ ಜೊತೆ ಇನ್ನೊಂದನ್ನೂ ಕೇಳಿ: ಗರಿಷ್ಠ ಎಷ್ಟು ಅಗಲದ್ದು ಹಿಡಿಸುತ್ತದೆ? ಟೈರನ್ನು ಯಾವಾಗ ಬೇಕಾದರೂ ಬದಲಿಸಬಹುದು. ಫ್ರೇಮಿನ ಸಂದು ಮಾತ್ರ ಇದ್ದಷ್ಟೇ. 25ಕ್ಕೆ ನಿಂತುಹೋಗುವ ಫ್ರೇಮು ನುಣುಪಾದ ರಸ್ತೆಯವರಿಗೆ ನಡೆಯುತ್ತದೆ. ಗುಂಡಿ, ತೇಪೆ, ಜಲ್ಲಿ ಎದ್ದ ಅಂಚು ಇರುವ ಕಡೆ 32 ಹಿಡಿಸದ ಫ್ರೇಮನ್ನು ಹೊಸಬರು ತೆಗೆದುಕೊಳ್ಳಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಗೇರು

ಗೇರ್ ಎಷ್ಟಿವೆ ಎಂದು ಎಲ್ಲರೂ ಕೇಳುತ್ತಾರೆ. ಅತಿ ಹಗುರ ಗೇರ್ ಯಾವುದು ಎಂದು ಕೇಳುವವರು ಕಡಿಮೆ. ಪೆಡಲ್ ಬಳಿಯ ಮುಂದಿನ ಚಿಕ್ಕ ಚಕ್ರದಲ್ಲಿ 34 ಹಲ್ಲು, ಹಿಂದಿನ ದೊಡ್ಡ ಚಕ್ರದಲ್ಲಿ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಗಾಲಿ ಒಂದು ಸುತ್ತು. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್, ನಿಮಿಷಕ್ಕೆ 70 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 9 ಕಿ.ಮೀ. ಕಡಿದಾದ ಏರಿನಲ್ಲಿ ಹೊಸಬರು ಹೋಗುವ ವೇಗ ಅದೇ. ಹಳೇ ರೇಸ್ ಸೈಕಲ್‌ಗಳಲ್ಲಿ ಸಿಗುವ 39ಕ್ಕೆ 25ರ ಜೋಡಿಯಲ್ಲಿ ಇದೇ ವೇಗಕ್ಕೆ ಕಾಲು ನಿಮಿಷಕ್ಕೆ 45 ಸುತ್ತು ಮಾತ್ರ ತಿರುಗುತ್ತದೆ. ಅಷ್ಟು ನಿಧಾನವಾಗಿ, ಅಷ್ಟು ಒತ್ತಿ ತುಳಿಯುವುದನ್ನು ಮಂಡಿ ಬಹಳ ಹೊತ್ತು ಸಹಿಸುವುದಿಲ್ಲ. ಮುಂದೆ 50/34 (50 ಮತ್ತು 34 ಹಲ್ಲಿನ ಎರಡು ಚಕ್ರ), ಹಿಂದೆ 11ರಿಂದ 32 ಅಥವಾ 34 ಹಲ್ಲು ಇರುವುದು ಹೊಸಬರಿಗೆ ಹೇಳಿಮಾಡಿಸಿದ ಜೋಡಿ. ಸುತ್ತಮುತ್ತ ಬೆಟ್ಟವೇ ಇದ್ದರೆ ಇನ್ನೂ ಹಗುರವಾದದ್ದನ್ನು ನೋಡಿ. ಪೂರ್ತಿ ಬಯಲಾದರೆ ಈ ಅಂಶವನ್ನು ಮರೆತರೂ ನಡೆದೀತು.

ತೂಕ ಮತ್ತು ದುಡ್ಡು

ತೂಕದ ಮೋಹ ಎಲ್ಲರಿಗೂ ಇರುತ್ತದೆ, ಸೈಕಲ್ಲನ್ನು ಬೆರಳಲ್ಲಿ ಎತ್ತಿ ನೋಡುವ ಸುಖವೇ ಬೇರೆ. ಆದರೆ ಲೆಕ್ಕ ಹಾಕಿ. 70 ಕಿಲೊ ಸವಾರ, ಹತ್ತೂವರೆ ಕಿಲೊ ಸೈಕಲ್, ನೀರು ಬಟ್ಟೆ ಸೇರಿ 82 ಕಿಲೊ ಎಂದಿಟ್ಟುಕೊಳ್ಳಿ. ಎಂಟು ಕಿಲೊದ ಕಾರ್ಬನ್ ತೆಗೆದುಕೊಂಡರೆ ಒಟ್ಟು ಭಾರ ಇಳಿಯುವುದು ನೂರಕ್ಕೆ ಮೂರರಷ್ಟು. ಅರ್ಧ ಗಂಟೆ ಹಿಡಿಯುವ ಏರಿನಲ್ಲಿ ಉಳಿಯುವುದು ಒಂದು ನಿಮಿಷಕ್ಕಿಂತ ಕಡಿಮೆ. ಬಯಲಿನಲ್ಲಂತೂ ತೂಕದ ಪಾತ್ರ ಇನ್ನೂ ಚಿಕ್ಕದು, ಅಲ್ಲಿ ಎದುರಾಳಿ ಗಾಳಿ. ವೇಗ ಗಂಟೆಗೆ 25ರಿಂದ 30 ಕಿ.ಮೀ.ಗೆ ಏರಿಸಲು ಗಾಳಿಯನ್ನು ಸೀಳುವ ಶಕ್ತಿ ಮುಕ್ಕಾಲು ಪಾಲು ಹೆಚ್ಚು ಬೇಕಾಗುತ್ತದೆ. ಆ ಗಾಳಿಗೆ ಅಡ್ಡ ನಿಲ್ಲುವುದರಲ್ಲಿ ದೊಡ್ಡ ಪಾಲು ಸವಾರನ ಮೈಯದೇ. ಆರಾಮವಾಗಿ ಸ್ವಲ್ಪ ಬಗ್ಗಿ ಕೂರಲು ಬಿಡುವ ಸೈಕಲ್ಲು, ಬೆನ್ನು ನೋವಿಗೆ ಮತ್ತೆ ಮತ್ತೆ ಎದ್ದು ಕೂರಿಸುವ ಹಗುರ ಸೈಕಲ್ಲಿಗಿಂತ ಬೇಗ ಮನೆ ಮುಟ್ಟಿಸುತ್ತದೆ.

ದುಡ್ಡಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಇಟ್ಟುಕೊಂಡ ಮೊತ್ತದ ಐದರಲ್ಲೊಂದು ಪಾಲನ್ನು ಸೈಕಲ್ಲಿಗೆ ಖರ್ಚು ಮಾಡದೆ ಎತ್ತಿಡಿ. ಹೆಲ್ಮೆಟ್, ಹಿಂದೆ ಮುಂದೆ ದೀಪ, ಮೀಟರ್ ಇರುವ ನೆಲದ ಪಂಪು, ದಾರಿಗೆ ಚಿಕ್ಕ ಪಂಪು, ಒಂದು ಟ್ಯೂಬು, ಟೈರ್ ಬಿಚ್ಚುವ ಪ್ಲಾಸ್ಟಿಕ್ ಲಿವರು, ನೀರಿನ ಬಾಟಲಿ, ಪ್ಯಾಡ್ ಇರುವ ಚಡ್ಡಿ ಇವೆಲ್ಲ ಬೇಕೇ ಬೇಕು. ಚಡ್ಡಿಯನ್ನು ಐಷಾರಾಮ ಅಂದುಕೊಳ್ಳಬೇಡಿ. ಅದರೊಳಗೆ ಬೇರೆ ಒಳಉಡುಪು ಹಾಕಲೂಬೇಡಿ, ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಇನ್ನೊಂದು ವಿಚಿತ್ರ: ಸ್ವಲ್ಪ ಮೇಲಿನ ದರ್ಜೆಯ ಎಷ್ಟೋ ರೋಡ್ ಸೈಕಲ್‌ಗಳು ಪೆಡಲ್ಲೇ ಇಲ್ಲದೆ ಬರುತ್ತವೆ. ಕೇಳಿ ತಿಳಿದುಕೊಳ್ಳಿ.

ಇನ್ನು ಒಂದೊಂದನ್ನೇ ತೂಗೋಣ.

ಮನೆಯಲ್ಲಿರುವ ಸೈಕಲ್ಲೇ ಸಾಕೆ?

ಮೂಲೆಯಲ್ಲಿ ಮೌಂಟನ್ ಸೈಕಲ್ ಇದ್ದರೆ, ಅದಕ್ಕೆ ಗಟ್ಟು (ಮೇಲ್ಮೈಯ ಉಬ್ಬು) ಇಲ್ಲದ ನುಣುಪು ಟೈರ್ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟು, ಸೀಟು ಎತ್ತರಿಸಿ ಎರಡು ತಿಂಗಳು ಹೊಡೆಯಿರಿ. ಹೊಸದರ ಬೆಲೆಯ ಚೂರು ಪಾಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ. ಮುಂದಿನ ಶಾಕ್ ಅನ್ನು ಲಾಕ್ ಮಾಡಲು ಬಂದರೆ ಮಾಡಿ, ಇಲ್ಲದಿದ್ದರೆ ತುಳಿದ ಶಕ್ತಿಯಲ್ಲಿ ಸ್ವಲ್ಪ ಅದರ ಕುಣಿತಕ್ಕೇ ಹೋಗುತ್ತದೆ. ಬೆಳಿಗ್ಗೆ ಎದ್ದು ಹೊರಡುವ ಅಭ್ಯಾಸ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ ನಿಮಗೇ ಇದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಸೀಟನ್ನು ಪೂರ್ತಿ ಎತ್ತಿದರೂ ಮಂಡಿ ಮಡಚಿಯೇ ಇರುವಷ್ಟು ಚಿಕ್ಕ ಸೈಕಲ್ಲಾದರೆ ಮಾತ್ರ ಈ ಯೋಚನೆ ಬಿಡಿ.

ಹೈಬ್ರಿಡ್

ಟ್ರೆಕ್ ಎಫ್‌ಎಕ್ಸ್, ಸ್ಪೆಷಲೈಸ್ಡ್ ಸಿರಸ್, ಜೈಂಟ್ ಎಸ್ಕೇಪ್ ಥರದವು ಈ ಗುಂಪಿನವು. ನೇರ ಹ್ಯಾಂಡಲ್, ನೆಟ್ಟಗೆ ಕೂರುವ ಭಂಗಿ, 32ರಿಂದ 40 ಮಿ.ಮೀ. ಆಸುಪಾಸಿನ ಟೈರು. ಬ್ರೇಕ್ ಲಿವರ್ ಯಾವಾಗಲೂ ಬೆರಳ ತುದಿಯಲ್ಲೇ ಇರುವುದರಿಂದ ವಾಹನಗಳ ಮಧ್ಯೆ ಹೋಗುವವರಿಗೆ ಧೈರ್ಯ. ನೇರ ಹ್ಯಾಂಡಲ್‌ನ ಲಿವರು, ಗೇರ್ ಬದಲಿಸುವ ಶಿಫ್ಟರುಗಳು ಅಗ್ಗ; ಬಾಗಿದ ಹ್ಯಾಂಡಲ್‌ನಲ್ಲಿ ಬ್ರೇಕು ಗೇರು ಎರಡೂ ಒಂದೇ ಲಿವರಿನೊಳಗೆ ಇರುವುದರಿಂದ ಅವು ದುಬಾರಿ. ಹಾಗಾಗಿ ಒಂದೇ ಬೆಲೆಯ ಹೈಬ್ರಿಡ್ ಮತ್ತು ರೋಡ್ ಸೈಕಲ್ ಪಕ್ಕಪಕ್ಕ ಇಟ್ಟರೆ ಹೈಬ್ರಿಡ್‌ನಲ್ಲಿ ಬ್ರೇಕು, ಗಾಲಿ ಒಂದು ಮೆಟ್ಟಿಲು ಮೇಲಿನವು ಇರುವುದುಂಟು. ಕೆಲಸಕ್ಕೆ ಹೋಗಿಬರಲು, ಹಿಂದೆ ಕ್ಯಾರಿಯರ್ ಕಟ್ಟಲು, ವಾರಕ್ಕೊಮ್ಮೆ 20, 30 ಕಿ.ಮೀ. ಸುತ್ತಲು ಇದು ಬೇಕಾದಷ್ಟಾಯಿತು.

ಎಡವಟ್ಟು ಶುರುವಾಗುವುದು ಎರಡನೇ ಗಂಟೆಯಲ್ಲಿ. ನೇರ ಹ್ಯಾಂಡಲ್‌ನಲ್ಲಿ ಕೈ ಇಡಲು ಜಾಗ ಒಂದೇ. ಅಂಗೈಯ ಹೊರಬದಿಯ ನರ ಒತ್ತಿಕೊಂಡು ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯತೊಡಗುತ್ತವೆ. ಎದುರುಗಾಳಿ ಬಂದರೆ ಎದೆಯೊಡ್ಡಿ ಕೂತ ಸವಾರ ಹಾಯಿಪಟದಂತಾಗುತ್ತಾನೆ. ಹ್ಯಾಂಡಲ್ ತುದಿಗೆ ಕೊಂಬಿನಂಥ ಬಾರ್ ಎಂಡ್ ಹಾಕಿಸಿದರೆ ಜೋಮಿಗೆ ಸ್ವಲ್ಪ ಪರಿಹಾರ.

"ಈಗ ಹೈಬ್ರಿಡ್ ತಗೊಂಡು ಆಮೇಲೆ ಬಾಗಿದ ಹ್ಯಾಂಡಲ್ ಹಾಕಿಸಿಕೊಳ್ತೀನಿ" ಅನ್ನುವ ಯೋಚನೆ ಬಹಳ ಜನಕ್ಕೆ ಬರುತ್ತದೆ. ಬೇಡ. ಹ್ಯಾಂಡಲ್ ಒಂದನ್ನೇ ಬದಲಿಸಿದರೆ ಆಗುವುದಿಲ್ಲ, ಲಿವರು, ಶಿಫ್ಟರು ಹೊಸದು ಬೇಕು. ಅವು ಕೇಬಲ್ ಎಳೆಯುವ ಅಳತೆ ಬೇರೆಯಾದ್ದರಿಂದ ಎಷ್ಟೋ ಸಲ ಬ್ರೇಕು, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೈಲರೂ ಹೊಸದು ಬೇಕು. ಮೇಲಾಗಿ ಹೈಬ್ರಿಡ್ ಫ್ರೇಮು ಉದ್ದವಾಗಿ ಇರುತ್ತದೆ, ಬಾಗಿದ ಹ್ಯಾಂಡಲ್‌ನ ಹುಡ್ ಇನ್ನಷ್ಟು ಮುಂದಕ್ಕೆ ಹೋಗಿ ಕೈ ಎಟುಕದಂತಾಗುತ್ತದೆ. ಹೈಬ್ರಿಡ್ ಬೇಕಿದ್ದರೆ ಹೈಬ್ರಿಡ್ ಆಗಿಯೇ ಕೊಳ್ಳಿ. ಕೊಳ್ಳುವಾಗ ಮುಂದೆ ಶಾಕ್ ಇಲ್ಲದ್ದನ್ನು ಆರಿಸಿ, ಡಾಂಬರಿನ ಮೇಲೆ ಅದು ಸುಮ್ಮನೆ ಹೊರುವ ಭಾರ.

ಎಂಡ್ಯೂರೆನ್ಸ್ ರೋಡ್ ಸೈಕಲ್

ರೋಡ್ ಸೈಕ್ಲಿಂಗೇ ಮಾಡಬೇಕು, ಎರಡು ಮೂರು ಗಂಟೆ ಹೊಡೆಯುವ ಆಸೆ ಇದೆ ಅನ್ನುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಜೈಂಟ್ ಡಿಫೈ, ಟ್ರೆಕ್ ಡೊಮಾನೆ, ಸ್ಪೆಷಲೈಸ್ಡ್ ರೂಬೆ, ಕ್ಯಾನಂಡೇಲ್ ಸಿನಾಪ್ಸ್ ಈ ಜಾತಿಯವು. ರೇಸ್ ಸೈಕಲ್ಲಿಗಿಂತ ಸ್ಟ್ಯಾಕ್ ಹೆಚ್ಚು, ರೀಚ್ ಕಡಿಮೆ, ಈಚಿನ ಮಾದರಿಗಳಲ್ಲಿ 32ರ ಮೇಲಿನ ಟೈರಿಗೂ ಜಾಗ, ಹಗುರ ಗೇರು. ಬಾಗಿದ ಹ್ಯಾಂಡಲ್‌ನಲ್ಲಿ ಕೈ ಇಡಲು ಮೂರು ಜಾಗ: ಮೇಲಿನ ಅಡ್ಡ ಕಂಬಿ, ಹುಡ್, ಕೆಳಗಿನ ಬಾಗು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಿದ್ದರೆ ಭುಜ, ಬೆನ್ನು ಎರಡಕ್ಕೂ ಬಿಡುವು. ಮೊದಲ ವಾರ ಬ್ರೇಕ್ ಹಿಡಿಯಲು ಭಯವಾಗುತ್ತದೆ. ಹುಡ್ ಮೇಲಿಂದ ಎರಡು ಬೆರಳಿನಲ್ಲಿ ಒತ್ತುವುದು, ಇಳಿಜಾರಿನಲ್ಲಿ ಕೆಳಗಿನ ಬಾಗು ಹಿಡಿದು ಒತ್ತುವುದು ಅಭ್ಯಾಸವಾದ ಮೇಲೆ ನೇರ ಹ್ಯಾಂಡಲ್ಲೇ ವಿಚಿತ್ರ ಅನ್ನಿಸುತ್ತದೆ. ಕೈ ಚಿಕ್ಕದಿದ್ದವರು ಲಿವರನ್ನು ಹತ್ತಿರಕ್ಕೆ ತರುವ ಸ್ಕ್ರೂ ಇದೆಯೇ ನೋಡಿಕೊಳ್ಳಿ.

ಇಲ್ಲಿನ ನಿಜವಾದ ಕೊಡುಕೊಳ್ಳುವಿಕೆ ಫ್ರೇಮು ಮತ್ತು ಬಿಡಿಭಾಗಗಳ ನಡುವೆ. ಒಂದೇ ಬೆಲೆಗೆ ಒಂದು ಕಡೆ ಕಾರ್ಬನ್ ಫ್ರೇಮು, ಕೇಬಲ್ ಎಳೆಯುವ ಡಿಸ್ಕ್ (ಗಾಲಿಯ ನಡುವಿನ ತಟ್ಟೆ ಹಿಡಿಯುವ) ಬ್ರೇಕು, ಭಾರದ ಗಾಲಿ; ಇನ್ನೊಂದು ಕಡೆ ಮುಂದಿನ ಗಾಲಿ ಹಿಡಿಯುವ ಫೋರ್ಕ್ ಮಾತ್ರ ಕಾರ್ಬನ್ ಆಗಿರುವ ಅಲ್ಯೂಮಿನಿಯಂ ಫ್ರೇಮು, ಎಣ್ಣೆಯ ಒತ್ತಡದಿಂದ ಹಗುರವಾಗಿ ಹಿಡಿಯುವ ಹೈಡ್ರಾಲಿಕ್ ಬ್ರೇಕು, ಒಳ್ಳೆಯ ಟೈರು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಫ್ರೇಮಿನ ನಡುಕವನ್ನು ಅಗಲದ ಟೈರು ಬಹುಮಟ್ಟಿಗೆ ಸರಿತೂಗಿಸುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಬೆರಳು ಸೋತಾಗ ಕಾರ್ಬನ್ ಸಹಾಯಕ್ಕೆ ಬರುವುದಿಲ್ಲ. ಉಕ್ಕಿನ ಫ್ರೇಮಿನ ಅಭಿಮಾನಿಗಳೂ ಇದ್ದಾರೆ. ಒಂದೆರಡು ಕಿಲೊ ಹೆಚ್ಚಿನ ಭಾರ ಒಪ್ಪಿಕೊಂಡರೆ ಅದೂ ಬಾಳಿಕೆಯ ಸಂಗಾತಿ.

ಗೇರ್ ಸೆಟ್ಟಿನ ದರ್ಜೆಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಶಿಮಾನೊ ಕ್ಲಾರಿಸ್‌ನಲ್ಲಿ ಹಿಂದೆ 8, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, ಈಗಿನ 105ರಲ್ಲಿ 12 ಚಕ್ರಗಳು. ಮೇಲೆ ಹೋದಷ್ಟೂ ಒಂದು ಗೇರಿನಿಂದ ಇನ್ನೊಂದಕ್ಕೆ ಇರುವ ಅಂತರ ಕಿರಿದಾಗುತ್ತದೆ, ಬದಲಾವಣೆ ಬೆಣ್ಣೆಯಾಗುತ್ತದೆ. ಚೈನು, ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗುಚ್ಛ) ಬೆಲೆಯೂ ಜೊತೆಗೇ ಏರುತ್ತದೆ. ಎಂಟು ಗೇರಿನ ಸೈಕಲ್ಲನ್ನು ಅದರ ಗೇರಿನ ಕಾರಣಕ್ಕೆ ತಳ್ಳಿಹಾಕಬೇಕಾಗಿಲ್ಲ. ಬಿಡಿಭಾಗ ಅಗ್ಗ, ಸರಿಮಾಡುವುದು ಸುಲಭ.

ರೇಸ್ ಸೈಕಲ್

ಸ್ಪೆಷಲೈಸ್ಡ್ ಟಾರ್ಮ್ಯಾಕ್, ಜೈಂಟ್ ಟಿಸಿಆರ್, ಕ್ಯಾನಂಡೇಲ್ ಸೂಪರ್‌ಸಿಕ್ಸ್ ಥರದವು. ನೋಡಲು ಎಲ್ಲಕ್ಕಿಂತ ಚೆಂದ, ಅದರಲ್ಲಿ ಅನುಮಾನವಿಲ್ಲ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ರೇಸ್ ಸೈಕಲ್ಲಿಗೆ 6.8 ಕಿಲೊ ಕನಿಷ್ಠ ತೂಕ ಗೊತ್ತುಮಾಡಿದೆ; ಈ ಸಾಲಿನ ದುಬಾರಿ ಮಾದರಿಗಳು ಆ ಗೆರೆಯ ಹತ್ತಿರವೇ ಇರುತ್ತವೆ. ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಕೂರಬಲ್ಲ ಮೈ ಇದ್ದರೆ, ಬೇರೆ ಆಟಗಳಲ್ಲಿ ಪಳಗಿದ್ದು ಒಂದೇ ವರ್ಷದಲ್ಲಿ ರೇಸಿಗೆ ಇಳಿಯುವ ಉದ್ದೇಶವೇ ಇದ್ದರೆ ತೆಗೆದುಕೊಳ್ಳಿ. ಉಳಿದವರು ಎರಡನೇ ಸೈಕಲ್ ಕೊಳ್ಳುವ ದಿನಕ್ಕೆ ಇದನ್ನು ಮುಂದೂಡುವುದು ಒಳ್ಳೆಯದು.

ಗ್ರಾವೆಲ್

ಬಾಗಿದ ಹ್ಯಾಂಡಲ್ ಇದೆ, ಟೈರು ಮಾತ್ರ 38ರಿಂದ 45 ಮಿ.ಮೀ. ಟ್ರೆಕ್ ಚೆಕ್‌ಪಾಯಿಂಟ್, ಸ್ಪೆಷಲೈಸ್ಡ್ ಡೈವರ್ಜ್, ಜೈಂಟ್ ರಿವೋಲ್ಟ್, ಕ್ಯಾನಂಡೇಲ್ ಟಾಪ್‌ಸ್ಟೋನ್ ಇಂಥವು. ಎಂಡ್ಯೂರೆನ್ಸೋ ಗ್ರಾವೆಲ್ಲೋ ಎಂದು ತಿಣುಕಾಡುವವರೇ ಹೆಚ್ಚು, ಯಾಕೆಂದರೆ ಎರಡೂ ಈಗ ಒಂದರ ಹತ್ತಿರ ಒಂದು ಸರಿಯುತ್ತಿವೆ. ನನ್ನ ತಕ್ಕಡಿ ಹೀಗೆ: ನಿಮ್ಮ ದಾರಿಯಲ್ಲಿ ಮಣ್ಣು, ಜಲ್ಲಿ, ಕಾಲುವೆ ಏರಿಯ ದಾರಿ ಎಷ್ಟು? ಐದು ಕಿಲೊಮೀಟರಿಗೆ ಒಂದಾದರೂ ಹಾಗಿದ್ದರೆ, ಅಥವಾ ಹೆದ್ದಾರಿ ಬಿಟ್ಟು ಒಳದಾರಿ ಹಿಡಿಯುವುದೇ ನಿಮಗೆ ಇಷ್ಟವಾದರೆ, ಗ್ರಾವೆಲ್. ಡಾಂಬರು ಬಿಟ್ಟು ಇಳಿಯುವುದು ವರ್ಷಕ್ಕೆ ಎರಡು ಸಲ ಅನ್ನುವವರಿಗೆ 35 ಹಿಡಿಸುವ ಎಂಡ್ಯೂರೆನ್ಸ್ ಸೈಕಲ್ ಆ ಎರಡು ಸಲಕ್ಕೂ ಸಾಕು.

ಗ್ರಾವೆಲ್ ಸೈಕಲ್ ರಸ್ತೆಯಲ್ಲಿ ನಿಧಾನ ಎನ್ನುವ ಮಾತಿನಲ್ಲಿ ಬಹುಪಾಲು ದೋಷ ಗಟ್ಟಿನ ಟೈರಿನದು. 32ರ ನುಣುಪು ಟೈರು ಹಾಕಿಸಿದರೆ ವ್ಯತ್ಯಾಸ ಅರ್ಧಕ್ಕಿಂತ ಹೆಚ್ಚು ಮಾಯ. ಉಳಿಯುವುದು ಎರಡು ಕೊರತೆ. ಮೊದಲನೆಯದು ಗೇರಿನದು. ಅನೇಕ ಗ್ರಾವೆಲ್ ಸೈಕಲ್‌ಗಳಲ್ಲಿ ಮುಂದೆ ಒಂದೇ ಚಕ್ರ, ಹಿಂದೆ ಅಗಲ ಹರವಿನ ಕ್ಯಾಸೆಟ್. ಹಗುರ ಗೇರ್ ಧಾರಾಳ, ಚೈನ್ ಬೀಳುವ ತಲೆನೋವೂ ಕಡಿಮೆ, ಆದರೆ ಒಂದು ಗೇರಿನಿಂದ ಇನ್ನೊಂದಕ್ಕೆ ದೊಡ್ಡ ಜಿಗಿತ. ಒಂದರಲ್ಲಿ ಕಾಲು ಗಿರಗಿರ, ಮುಂದಿನದರಲ್ಲಿ ಭಾರ, ನಡುವೆ ಏನೂ ಇಲ್ಲ. ಒಬ್ಬರೇ ಹೋಗುವಾಗ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಗುಂಪಿನಲ್ಲಿ ಎಲ್ಲರ ವೇಗಕ್ಕೆ ಕಾಲು ಹೊಂದಿಸುವಾಗ ಕಿರಿಕಿರಿ. ಗುಂಪಿನ ಜೊತೆ ಹೋಗುವವರು ಮುಂದೆ ಎರಡು ಚಕ್ರ ಇರುವ ಗ್ರಾವೆಲ್ ಹುಡುಕಿ, 48/31 ಅಥವಾ 46/30 ಸಿಗುತ್ತವೆ. ಎರಡನೆಯ ಕೊರತೆ ಸ್ವಭಾವದ್ದು. ಗಾಲಿಗಳ ನಡುವಿನ ಅಂತರ ಹೆಚ್ಚು, ತಿರುವಿನಲ್ಲಿ ನಿಧಾನವಾಗಿ ಮಾತು ಕೇಳುತ್ತದೆ. ಹೊಸಬರಿಗೆ ಇದು ಕೊರತೆಗಿಂತ ಹೆಚ್ಚಾಗಿ ನೆಮ್ಮದಿಯೇ. ಮಡ್‌ಗಾರ್ಡ್, ಕ್ಯಾರಿಯರ್ ಕಟ್ಟಲು ತೂತುಗಳೂ ಇದರಲ್ಲಿ ಸಾಕಷ್ಟಿರುತ್ತವೆ. ಒಂದೇ ಸೈಕಲ್ಲಿನಲ್ಲಿ ವಾರದ ದಿನ ಕೆಲಸಕ್ಕೂ ರಜೆಯಲ್ಲಿ ದೂರಕ್ಕೂ ಹೋಗಬೇಕಾದವರಿಗೆ ಗ್ರಾವೆಲ್ಲೇ ಸರಿ ಎಂದು ನನಗೆ ಅನ್ನಿಸುತ್ತದೆ.

ಸೆಕೆಂಡ್ ಹ್ಯಾಂಡ್

ಬಜೆಟ್ ಬಿಗಿಯಿದ್ದವರು ಮೊದಲು ನೋಡಬೇಕಾದ ಕಡೆ ಇದು, ಆದರೆ ಎಲ್ಲರಿಗೂ ಅಲ್ಲ. ಯುಸಿಐ 2018ರಲ್ಲಿ ರೋಡ್ ರೇಸಿನಲ್ಲಿ ಡಿಸ್ಕ್ ಬ್ರೇಕಿಗೆ ಪೂರ್ತಿ ಒಪ್ಪಿಗೆ ಕೊಟ್ಟ ಮೇಲೆ ಕಂಪನಿಗಳು ಹೊಸ ಮಾದರಿಗಳನ್ನೆಲ್ಲ ಡಿಸ್ಕಿಗೆ ತಿರುಗಿಸಿದವು. ಹಾಗಾಗಿ ಹಿಂದೆ ತುಂಬ ಬೆಲೆ ಬಾಳುತ್ತಿದ್ದ, ಗಾಲಿಯ ಅಂಚನ್ನೇ ಹಿಡಿಯುವ ರಿಮ್ ಬ್ರೇಕಿನ ಸೈಕಲ್‌ಗಳು ಈಗ ಇಳಿದ ಬೆಲೆಗೆ ಸಿಗುತ್ತವೆ. ರಿಮ್ ಬ್ರೇಕ್ ಹಗುರ, ಒಂದು ಅಲೆನ್ ಕೀ ಇದ್ದರೆ ಮನೆಯಲ್ಲೇ ಸರಿಮಾಡಬಹುದು. ಮಳೆಯಲ್ಲಿ ಹಿಡಿತ ತಡವಾಗುತ್ತದೆ, ರಿಮ್ ಸವೆಯುತ್ತದೆ, 28ಕ್ಕಿಂತ ದಪ್ಪ ಟೈರು ಬಹುತೇಕ ಹಿಡಿಸುವುದಿಲ್ಲ. ಒಣ ಹವೆ, ಒಳ್ಳೆಯ ರಸ್ತೆ ಇರುವವರಿಗೆ ಇದು ಲಾಭದ ವ್ಯಾಪಾರ.

ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಡಿಗಿಂತ ಉದ್ದದ ಸ್ಕೇಲ್ ಇರಲಿ. ಚೈನನ್ನು ಬಿಗಿಯಾಗಿ ಎಳೆದು, ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಆಚೆಯ ಪಿನ್ನಿನ ನಡುವಿಗೆ ಅಳೆಯಿರಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಅಂಗುಲ. ಅಂಗುಲದ 1/16ರಷ್ಟು ದಾಟಿದ್ದರೆ ಚೈನ್ ಬದಲಿಸಬೇಕು. 1/8ರಷ್ಟು ದಾಟಿದ್ದರೆ ಹಿಂದಿನ ಕ್ಯಾಸೆಟ್ಟೂ ಸವೆದು ಹೋಗಿರುತ್ತದೆ, ಹೊಸ ಚೈನ್ ಹಾಕಿದರೆ ಅದರ ಹಲ್ಲಿನ ಮೇಲೆ ಜಾರುತ್ತದೆ. ಮಾರುವವರು "ಹೆಚ್ಚು ಓಡಿಸಿಲ್ಲ" ಅಂದದ್ದು ನಿಜವೋ ಅಲ್ಲವೋ ಈ ಒಂದು ಅಳತೆ ಹೇಳಿಬಿಡುತ್ತದೆ. ಆಮೇಲೆ ಮುಂದಿನ ಬ್ರೇಕ್ ಒತ್ತಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ. ಹ್ಯಾಂಡಲ್ ಕೆಳಗೆ ಟಕಟಕ ಅಂದರೆ ಅಲ್ಲಿನ ಬೇರಿಂಗ್ ಸಡಿಲ. ಗಾಲಿ ಎತ್ತಿ ತಿರುಗಿಸಿ, ಬ್ರೇಕಿನ ಹತ್ತಿರ ಅತ್ತಿತ್ತ ತೂಗಾಡುತ್ತದೆಯೇ ನೋಡಿ. ಸೀಟಿನ ಕಂಬ ಬಿಚ್ಚಿಸಿ ಒಂದಿಂಚಾದರೂ ಮೇಲೆ ಕೆಳಗೆ ಮಾಡಿಸಿ. ವರ್ಷಗಟ್ಟಲೆ ಅಲುಗಾಡಿಸದ ಕಂಬ ಫ್ರೇಮಿಗೆ ಕಚ್ಚಿಕೊಂಡಿದ್ದರೆ ಆ ಸೈಕಲ್ ನಿಮ್ಮ ಎತ್ತರಕ್ಕೆ ಎಂದೂ ಬರುವುದಿಲ್ಲ.

ಹಳೆಯ ಕಾರ್ಬನ್ ಬಗ್ಗೆ ಬೇರೆಯೇ ಜಾಗ್ರತೆ ಬೇಕು. ಅಲ್ಯೂಮಿನಿಯಂ ಪೆಟ್ಟು ತಿಂದರೆ ತಗ್ಗು ಕಾಣುತ್ತದೆ. ಕಾರ್ಬನ್ ಒಳಗೊಳಗೇ ಪದರ ಬಿಡಬಹುದು. ಹ್ಯಾಂಡಲ್ ಕೆಳಗಿನ ಕೂಡಿಕೆ, ಪೆಡಲ್ ಸುತ್ತಲಿನ ಭಾಗ, ಹಿಂದಿನ ಗಾಲಿಗೆ ಹೋಗುವ ಕೊಳವೆ, ಸೀಟಿನ ಕಂಬ ಬಿಗಿಯುವ ಜಾಗಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ದೀಪ ಹಿಡಿದು ನೋಡಿ. ನಾಣ್ಯದಲ್ಲಿ ತಟ್ಟಿದಾಗ ಒಂದು ಕಡೆ ಮಾತ್ರ ಮೊದ್ದು ಸದ್ದು ಬಂದರೆ ಬಿಟ್ಟು ಬನ್ನಿ. ಸದ್ದು ಸರಿಯಿದ್ದ ಮಾತ್ರಕ್ಕೆ ಫ್ರೇಮು ಸರಿಯಿದೆ ಎಂದೇನೂ ಅಲ್ಲ. ಜೊತೆಗೆ ಬರುವ ಬಲ್ಲವರು ಯಾರೂ ಇಲ್ಲದಿದ್ದರೆ, ಹೊಸಬರು ಹಳೇ ಕಾರ್ಬನ್ ಗೊಡವೆಗೆ ಹೋಗದಿರುವುದೇ ಮೇಲು. ಅದೇ ದುಡ್ಡಿಗೆ ಹಳೇ ಅಲ್ಯೂಮಿನಿಯಂ ಎಂಡ್ಯೂರೆನ್ಸ್ ಹುಡುಕಿ. ಮೂಲ ಬಿಲ್ಲು, ಫ್ರೇಮಿನ ಕೆಳಗೆ ಕೊರೆದ ನಂಬರು ತಾಳೆಯಾಗುತ್ತವೆಯೇ ನೋಡದೆ ದುಡ್ಡು ಕೊಡಬೇಡಿ. ಚೈನು, ಟೈರು, ಕೇಬಲ್, ಬ್ರೇಕ್ ಪ್ಯಾಡು, ಹ್ಯಾಂಡಲ್ ಟೇಪು ಇಷ್ಟನ್ನೂ ಬದಲಿಸುವ ಖರ್ಚನ್ನು ಕೇಳಿದ ಬೆಲೆಗೆ ಕೂಡಿಸಿ, ಆಮೇಲೆ ಹೊಸದರ ಜೊತೆ ಹೋಲಿಸಿ. ಹೆಲ್ಮೆಟ್ ಮಾತ್ರ ಹಳೆಯದು ಬೇಡವೇ ಬೇಡ. ಅದಕ್ಕೆ ಬಿದ್ದ ಪೆಟ್ಟು ಹೊರಗೆ ಕಾಣುವುದಿಲ್ಲ.

ಪೆಡಲ್ಲು

ಬೂಟನ್ನು ಪೆಡಲಿಗೆ ಕಚ್ಚಿಸುವ ವ್ಯವಸ್ಥೆ ಮೊದಲ ದಿನವೇ ಬೇಕಿಲ್ಲ. ಅಗಲವಾದ ಚಪ್ಪಟೆ ಪೆಡಲಿನಲ್ಲಿ ಗೇರು, ಬ್ರೇಕು, ರಸ್ತೆ ಮೂರೂ ಪಳಗಲಿ. ಆಮೇಲೆ ಹಾಕಿಸುವುದಾದರೆ ಎರಡು ಸ್ಕ್ರೂವಿನ ಎಸ್‌ಪಿಡಿ ಪೆಡಲು ಒಳ್ಳೆಯ ಶುರು. ಕಚ್ಚುವ ಲೋಹದ ತುಂಡು ಬೂಟಿನ ಅಡಿಯೊಳಗೆ ಅಡಗಿರುವುದರಿಂದ ಇಳಿದು ನಡೆಯಬಹುದು. ಮೂರು ಸ್ಕ್ರೂವಿನ ರೇಸ್ ಪೆಡಲು ಪಾದಕ್ಕೆ ಅಗಲ ಆಸರೆ ಕೊಡುತ್ತದೆ, ನಡೆಯಲು ಬಿಡುವುದಿಲ್ಲ. ಯಾವುದೇ ಆದರೂ ಬಿಗಿತವನ್ನು ಅತಿ ಸಡಿಲಕ್ಕೆ ಇಟ್ಟು, ಗೋಡೆ ಹಿಡಿದುಕೊಂಡು ಹಿಮ್ಮಡಿ ಹೊರಳಿಸಿ ಬಿಡಿಸುವುದನ್ನು ಕಲಿಯಿರಿ. ಈ ಪೆಡಲಿನಲ್ಲಿ ಹೊಸಬರು ಬೀಳುವುದು ವೇಗದಲ್ಲಲ್ಲ, ನಿಲ್ಲಿಸಿದ ಕ್ಷಣದಲ್ಲಿ.

ಕೊನೆಗೆ ಎರಡು ಸೈಜು ಮಧ್ಯೆ ಸಿಕ್ಕಿಕೊಂಡರೆ

ಮಾದರಿ ಗೊತ್ತಾದ ಮೇಲೂ ಹಲವರು ಇಲ್ಲಿ ನಿಂತುಬಿಡುತ್ತಾರೆ. ಸಾಮಾನ್ಯವಾಗಿ ಚಿಕ್ಕದನ್ನು ತೆಗೆದುಕೊಳ್ಳಿ. ಸೀಟಿನ ಕಂಬ ಎತ್ತಬಹುದು, ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಒಂದೆರಡು ಸೆಂಟಿಮೀಟರ್ ಉದ್ದದ್ದು ಹಾಕಿಸಬಹುದು. ದೊಡ್ಡ ಫ್ರೇಮನ್ನು ಕುಗ್ಗಿಸಲು ಅಷ್ಟು ದಾರಿಗಳಿಲ್ಲ. ಕಾಲು ಉದ್ದ, ಮುಂಡ ಗಿಡ್ಡ ಇರುವವರಿಗಂತೂ ಚಿಕ್ಕದೇ ಸರಿ, ಹ್ಯಾಂಡಲ್ ಕೆಳಗೆ ಸ್ಪೇಸರ್ ಬಳೆಗಳನ್ನು ತೆಗೆಸದೆ ಉಳಿಸಿಕೊಂಡರೆ ಆಯಿತು. ಇದಕ್ಕೆ ಹೊರತಾದವರು ಬೆನ್ನು ಬಗ್ಗದವರು. ಚಿಕ್ಕ ಫ್ರೇಮಿನ ಸ್ಟ್ಯಾಕ್ ಕಡಿಮೆಯಾದ್ದರಿಂದ ಹ್ಯಾಂಡಲ್ ಸೀಟಿಗಿಂತ ತೀರಾ ಕೆಳಗಾಗುತ್ತದೆ. ಅಂಥವರು ದೊಡ್ಡದರ ಮೇಲೆ ಗಿಡ್ಡ ಸ್ಟೆಮ್ ಹಾಕಿಸಿ, ಹುಡ್‌ನಿಂದ ಅಂಗೈ ಎತ್ತುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಎರಡರಲ್ಲೂ ಮುಗ್ಗರಿಸುವಂತಾದರೆ ಆ ಮಾದರಿಯನ್ನೇ ಕೈಬಿಟ್ಟು, ಸ್ಟ್ಯಾಕ್ ಹೆಚ್ಚಿರುವ ಬೇರೆ ಕಂಪನಿಯದನ್ನು ನೋಡಿ.